ಕಾಟ ತಪ್ಪಲಿ ಅಂತ ಒತ್ತಿದ ಐದು ಸ್ಟಾರ್ ನಮ್ಮ ಅಭಿಪ್ರಾಯವಲ್ಲ

ಮೊಬೈಲ್‌ನಲ್ಲಿ ಸಾಲಿಟೇರ್ ಆಡುವವರನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಬಸ್ ಕಾಯುವವರ ಕೈಯಲ್ಲಿ ಅದಿದೆ. ಡೇರಿ ಮುಂದೆ ಕ್ಯಾನ್ ಇಟ್ಟುಕೊಂಡು ಸರದಿ ನಿಂತವರ ಕೈಯಲ್ಲಿ ಅದಿದೆ. ತ್ರೀಫೇಸ್ ಕರೆಂಟ್ ಬರುವವರೆಗೆ ಪಂಪ್‌ಸೆಟ್ ಮನೆಯಲ್ಲಿ ಎಚ್ಚರ ಕೂತವರ ಕೈಯಲ್ಲೂ ಅದೇ. ಮಕ್ಕಳು ಬೆಂಗಳೂರಿಗೆ ಹೋಗಿ, ಹಳೆ ಫೋನ್ ಅಮ್ಮನ ಕೈಗೆ ಬಂದ ಮನೆಗಳಲ್ಲಿ ಮಧ್ಯಾಹ್ನದ ಹೊತ್ತು ಕಳೆಯುವುದೂ ಅದರಲ್ಲೇ.

ಇವರನ್ನು ಆಟ ಹೇಗಿದೆ ಅಂತ ಕೇಳಿ ನೋಡಿ. ಎರಡೇ ಮಾತು. ಆಟ ಚೆನ್ನಾಗಿದೆ, ಜಾಹೀರಾತಿನ ಕಾಟ ತಡೆಯೋಕಾಗಲ್ಲ. ಆಮೇಲೆ ಪ್ಲೇಸ್ಟೋರ್ ತೆರೆದು ಅದೇ ಆಟದ ಪುಟ ನೋಡಿ. ಹೆಸರುವಾಸಿ ಸಾಲಿಟೇರ್ ಆ್ಯಪ್‌ಗಳಿಗೆಲ್ಲ ನಾಲ್ಕರ ಮೇಲೆಯೇ ಸ್ಟಾರ್. ಬಾಯಲ್ಲಿ ಬೈಗುಳ, ಪುಟದಲ್ಲಿ ಸ್ಟಾರ್. ನಡುವೆ ಎಲ್ಲೋ ನಮ್ಮ ಮಾತು ಕಳೆದುಹೋಗಿದೆ. ಅದು ತಾನಾಗಿ ಕಳೆದುಹೋದದ್ದಲ್ಲ, ಕಳೆದುಹೋಗುವಂತೆ ದಾರಿ ಮಾಡಿಡಲಾಗಿದೆ ಅನ್ನುವುದು ನಮ್ಮ ವಾದ. ಆ ಮಾತನ್ನು ವಾಪಸ್ ಪಡೆಯಬೇಕು ಅನ್ನುವುದು ನಮ್ಮ ಬೇಡಿಕೆ.

ಮೊದಲು ಒಂದು ಮಾತು: ಇದು ಜೂಜಲ್ಲ

ನಮ್ಮೂರುಗಳಲ್ಲಿ ಇಸ್ಪೀಟ್ ಎಲೆ ಅಂದ ಕೂಡಲೇ ಅಂದರ್‌ಬಾಹರ್ ನೆನಪಾಗುತ್ತದೆ. ಪತ್ರಿಕೆಯ ಜಿಲ್ಲಾ ಪುಟದಲ್ಲಿ 'ಇಸ್ಪೀಟ್ ಅಡ್ಡೆ ಮೇಲೆ ದಾಳಿ' ಅನ್ನುವ ಸುದ್ದಿ ಓದಿ ಓದಿ, ಫೋನಿನಲ್ಲಿ ಎಲೆ ಕಂಡರೂ ಹಿರಿಯರು ಹುಬ್ಬು ಗಂಟು ಹಾಕುತ್ತಾರೆ. ಸೊಸೆ ಆಡಿದರಂತೂ ಮುಗಿದೇ ಹೋಯಿತು.

ಸಾಲಿಟೇರ್ ಒಬ್ಬರೇ ಆಡುವ ಆಟ. ಎದುರಾಳಿ ಇಲ್ಲ, ಪಣ ಇಲ್ಲ. 52 ಎಲೆಗಳಲ್ಲಿ 28 ಏಳು ಸಾಲಿನಲ್ಲಿ ಬೀಳುತ್ತವೆ, 24 ಕಟ್ಟಿನಲ್ಲಿ ಉಳಿಯುತ್ತವೆ. ಕೆಂಪಿನ ಮೇಲೆ ಕಪ್ಪು, ಕಪ್ಪಿನ ಮೇಲೆ ಕೆಂಪು, ಇಳಿಯುವ ಲೆಕ್ಕದಲ್ಲಿ ಜೋಡಿಸಬೇಕು. ಸಾಲು ಖಾಲಿಯಾದರೆ ಅಲ್ಲಿಗೆ ರಾಜ ಮಾತ್ರ ಬರಬಹುದು. ಎಕ್ಕದಿಂದ ರಾಜನವರೆಗೆ ನಾಲ್ಕೂ ಬಣ್ಣ ಮೇಲಿನ ಮನೆ ಸೇರಿದರೆ ಗೆದ್ದಂತೆ. ಇದರಲ್ಲಿ ಯಾರ ಹೊಲವೂ ಅಡ ಬೀಳುವುದಿಲ್ಲ. ಚೌಕಾಬಾರ, ಅಳಗುಳಿಮಣೆ ಆಡಿದ ಊರಿಗೆ ಕೂತು ಲೆಕ್ಕ ಹಾಕುವ ಆಟ ಹೊಸದೇನೂ ಅಲ್ಲ.

ಹಾಗಾಗಿ ಆಡುವವರನ್ನು ಬೈಯುವುದು ಈ ಬರಹದ ಕೆಲಸವಲ್ಲ. ಕೂಲಿ ಮುಗಿಸಿ ಬಂದವರಿಗೆ ಹತ್ತು ನಿಮಿಷ ಎಲೆ ಜೋಡಿಸಿಕೊಂಡು ಕೂರುವ ಹಕ್ಕಿದೆ. ಆ ಹತ್ತು ನಿಮಿಷದೊಳಗೆ ಕೈ ಹಾಕಿ ದುಡ್ಡು ಮಾಡುವವರ ಮೇಲೆ ನಮ್ಮ ಜಗಳ.

ಆಟ ಬಂದಾಗ ಹೀಗಿರಲಿಲ್ಲ

ಕಂಪ್ಯೂಟರಿನ ಸಾಲಿಟೇರ್ ಮನೆಮನೆಗೆ ಬಂದದ್ದು 1990ರಲ್ಲಿ, ಮೈಕ್ರೋಸಾಫ್ಟಿನ ವಿಂಡೋಸ್ 3.0 ಜೊತೆ. ಬರೆದದ್ದು ವೆಸ್ ಚೆರಿ, ಆಗ ಆ ಕಂಪನಿಯಲ್ಲಿ ಇಂಟರ್ನ್ ಆಗಿದ್ದ ಹುಡುಗ. ಎಲೆಗಳ ಚಿತ್ರ ಬರೆದದ್ದು ಸೂಸನ್ ಕೇರ್. ಮೌಸ್ ಹೊಸದಾಗಿದ್ದ ಕಾಲ ಅದು. ಎಲೆಯನ್ನು ಹಿಡಿದು ಎಳೆದು ಬಿಡುವುದರಲ್ಲೇ ಜನಕ್ಕೆ ಮೌಸ್ ಕೈಗೆ ಕೂತಿತು. ಅಷ್ಟು ದೊಡ್ಡ ಆಟಕ್ಕೆ ಚೆರಿಗೆ ರಾಯಧನ ಅಂತ ಒಂದು ಕಾಸೂ ಸಿಗಲಿಲ್ಲ. 2019ರಲ್ಲಿ ಅಮೆರಿಕದ ವಿಡಿಯೋ ಗೇಮ್ ಹಾಲ್ ಆಫ್ ಫೇಮ್‌ಗೆ ಈ ಆಟ ಸೇರಿತು.

ನಮ್ಮ ತಾಲ್ಲೂಕು ಕಚೇರಿ, ಸೊಸೈಟಿ, ಸೈಬರ್ ಸೆಂಟರ್‌ಗಳಲ್ಲಿ ಆ ಹಸಿರು ತೆರೆ ನೋಡಿದವರಿಗೆ ನೆನಪಿರಬೇಕು. ಆಗ ಜಾಹೀರಾತಿರಲಿಲ್ಲ. ಇಟ್ಟ ಎಲೆ ಹಿಂದಕ್ಕೆ ತೆಗೆದುಕೊಳ್ಳಲು ಯಾರಿಗೂ ಏನೂ ಕೊಡಬೇಕಿರಲಿಲ್ಲ.

2012ರಲ್ಲಿ ವಿಂಡೋಸ್ 8 ಬಂದಾಗ ಆ ಆಟವನ್ನು ಕಂಪ್ಯೂಟರ್‌ನಿಂದ ತೆಗೆದರು. 2015ರಲ್ಲಿ ವಿಂಡೋಸ್ 10 ಜೊತೆ ವಾಪಸ್ ಬಂತು, ಬರುವಾಗ ಜಾಹೀರಾತನ್ನೂ ಕರೆದುಕೊಂಡು ಬಂತು. ಜಾಹೀರಾತು ಬೇಡವೆಂದರೆ ಅಮೆರಿಕದಲ್ಲಿ ತಿಂಗಳಿಗೆ ಒಂದೂವರೆ ಡಾಲರ್, ವರ್ಷಕ್ಕೆ ಸುಮಾರು 10 ಡಾಲರ್ ಕಟ್ಟಬೇಕಾಯಿತು. 25 ವರ್ಷ ಪುಕ್ಕಟೆ ಆಡಿದ ಆಟಕ್ಕೆ ಬಾಡಿಗೆ ಶುರುವಾಯಿತಲ್ಲ ಅಂತ ಆಗಲೇ ಆಟಗಾರರು ಗಲಾಟೆ ಎಬ್ಬಿಸಿದ್ದರು. ಆಡುವವರ ಅಭಿಪ್ರಾಯ ಅನ್ನುವುದು ಆ ಗಲಾಟೆಯೇ.

ಈಗ ಫೋನಿನಲ್ಲಿ ಸಾಲಿಟೇರ್ ಹೆಸರಿನ ಆ್ಯಪ್‌ಗಳಿಗೆ ಲೆಕ್ಕವಿಲ್ಲ. ಆಟ ಯಾರ ಸ್ವತ್ತೂ ಅಲ್ಲ, ನಿಯಮ ಹಳೆಯದು, ಯಾರು ಬೇಕಾದರೂ ಮಾಡಬಹುದು. ಆಟದಲ್ಲಿ ಹೊಸದೇನೂ ಇಲ್ಲದಿರುವಾಗ ಪೈಪೋಟಿ ನಡೆಯುವುದು ನಿಮ್ಮ ಕಣ್ಣನ್ನು ಯಾರು ಹೆಚ್ಚು ಹೊತ್ತು ಹಿಡಿದಿಡುತ್ತಾರೆ ಅನ್ನುವುದರ ಮೇಲೆ.

ಆಡುವವರ ದೂರು, ಒಂದೊಂದಾಗಿ

ಮೊದಲನೆಯದು ಜಾಹೀರಾತು ಮುಚ್ಚುವ ಗುಣಿಸು ಗುರುತು. ಒಂದಾಟ ಮುಗಿಯಿತು, ವಿಡಿಯೋ ಬಂತು. ಮೂಲೆಯಲ್ಲಿ ಸಾಸಿವೆಯಷ್ಟು ಗುಣಿಸು ಗುರುತು. ಒತ್ತಿದರೆ ಜಾಹೀರಾತು ಮುಚ್ಚುವ ಬದಲು ಪ್ಲೇಸ್ಟೋರ್ ತೆರೆಯುತ್ತದೆ. ವಾಪಸ್ ಬಂದರೆ ಇನ್ನೊಂದು ಗುಣಿಸು ಗುರುತು, ಈ ಸಲ ಎಡಗಡೆ. ಹೊಲದಲ್ಲಿ ದುಡಿದು ಬೆರಳು ಒರಟಾದವರು, ಕನ್ನಡಕ ಇಲ್ಲದವರು ಅದನ್ನು ಸರಿಯಾಗಿ ಒತ್ತಲಿ ಅಂತ ಮಾಡಿದ್ದಲ್ಲ ಅದು. ತಪ್ಪಿ ಒತ್ತಲಿ ಅಂತಲೇ ಮಾಡಿದ್ದು. ತಪ್ಪಿ ಒತ್ತಿದರೂ ಯಾರಿಗೋ ದುಡ್ಡು ಬರುತ್ತದೆ.

ಎರಡನೆಯದು ಡೇಟಾ. ಸಾಲಿಟೇರ್ ಆಡಲು ಇಂಟರ್ನೆಟ್ ಬೇಕಾಗಿಯೇ ಇಲ್ಲ. 52 ಎಲೆ ಕಲಸಲು ಯಾವ ಟವರ್ ಬೇಕು? ಬೇಕಿರುವುದು ಜಾಹೀರಾತಿಗೆ. ಒಂದು ವಿಡಿಯೋ ಜಾಹೀರಾತು 5 ಎಂಬಿ ಅಂತ ಇಟ್ಟುಕೊಳ್ಳಿ. ದಿನಕ್ಕೆ 20 ನೋಡಿದರೆ 100 ಎಂಬಿ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್‌ನಲ್ಲಿ ಮಗಳ ಆನ್‌ಲೈನ್ ಪಾಠವೂ ನಡೆಯಬೇಕು, ಮಾರುಕಟ್ಟೆ ದರವೂ ನೋಡಬೇಕು. ಅದರಲ್ಲಿ ನಮ್ಮದೇ ದುಡ್ಡಿನ ಡೇಟಾ ಖರ್ಚು ಮಾಡಿ ಅವರ ಜಾಹೀರಾತನ್ನು ನಾವು ತರಿಸಿಕೊಂಡು ನೋಡುತ್ತಿದ್ದೇವೆ. ಸಂತೆಗೆ ಬಂದ ವ್ಯಾಪಾರಿ ತನ್ನ ಗಾಡಿ ಬಾಡಿಗೆಯನ್ನು ಗಿರಾಕಿ ಹತ್ತಿರ ವಸೂಲಿ ಮಾಡಿದ ಹಾಗೆ.

ಮೂರನೆಯ ದೂರು ಗಂಭೀರವಾದದ್ದು: ಆಟ ಮೋಸ ಮಾಡುತ್ತದೆ, ಬೇಕಂತಲೇ ಸೋಲಿಸುತ್ತದೆ ಅನ್ನುವುದು. ಇಲ್ಲಿ ನ್ಯಾಯವಾಗಿ ಮಾತಾಡಬೇಕು. ಸಾಲಿಟೇರ್‌ನಲ್ಲಿ ಎಲ್ಲ ಆಟವನ್ನೂ ಗೆಲ್ಲಲಾಗದು. ಮೂರು ಮೂರು ಎಲೆ ತಿರುಗಿಸುವ ಆಟದಲ್ಲಿ, ಮುಚ್ಚಿದ ಎಲೆಗಳೆಲ್ಲ ಯಾವುವು ಅಂತ ಮೊದಲೇ ಗೊತ್ತಿದ್ದು ಆಡಿದರೂ 100ರಲ್ಲಿ ಸುಮಾರು 82 ಮಾತ್ರ ಗೆಲ್ಲಬಹುದು ಅಂತ ಸಂಶೋಧಕರು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಎಲೆ ಕಾಣದೆ ಆಡುವ ನಮಗೆ ಅದಕ್ಕಿಂತ ಬಹಳ ಕಡಿಮೆ. ಅಂದರೆ ಸೋತ ಮಾತ್ರಕ್ಕೆ ಮೋಸವಲ್ಲ. ಅಷ್ಟು ಮಟ್ಟಿಗೆ ಆ್ಯಪ್ ಮಾಡಿದವರ ಕಡೆ ನ್ಯಾಯವಿದೆ.

ಆದರೆ ಮಾತು ಅಲ್ಲಿಗೆ ಮುಗಿಯುವುದಿಲ್ಲ. ಎಷ್ಟೋ ಆ್ಯಪ್‌ಗಳಲ್ಲಿ 'ಗೆಲ್ಲಬಹುದಾದ ಆಟ ಮಾತ್ರ ಕೊಡು' ಅನ್ನುವ ಆಯ್ಕೆ ಇರುತ್ತದೆ. ಹಾಗಂದರೆ ಯಾವ ಹಂಚಿಕೆ ಗೆಲ್ಲುವಂಥದ್ದು ಅಂತ ಆ್ಯಪ್‌ಗೆ ಗೊತ್ತಿದೆ ಅಂತಾಯಿತು. ಗೊತ್ತಿರುವವನು ನೀವು ಸಿಕ್ಕಿಕೊಂಡ ಹೊತ್ತಿಗೆ 'ಒಂದು ಜಾಹೀರಾತು ನೋಡಿ, ಸುಳಿವು ಕೊಡ್ತೀನಿ' ಅಂದರೆ ಅನುಮಾನ ಬರುವುದು ಸಹಜ. ನೀವೀಗ ಆಡುತ್ತಿರುವ ಆಟ ಗೆಲ್ಲುವಂಥದ್ದೋ ಅಲ್ಲವೋ, ಅದನ್ನು ತೆರೆಯ ಮೇಲೆ ಒಂದು ಸಾಲಿನಲ್ಲಿ ಬರೆದುಬಿಟ್ಟರೆ ಅನುಮಾನ ಅಲ್ಲೇ ಸಾಯುತ್ತದೆ. ಬರೆಯದವರ ಮೇಲೆ ಅನುಮಾನ ಪಡುವ ಹಕ್ಕು ಆಟಗಾರರಿಗಿದೆ.

ನಾಲ್ಕನೆಯದು ರಮ್ಮಿ. ಅಮ್ಮ ಆಡುವುದು ಪಣವಿಲ್ಲದ ಆಟ. ಆದರೆ ಅವಳ ಮುಂದೆ ಬರುವ ಜಾಹೀರಾತಿನಲ್ಲಿ ಲಕ್ಷ ಗೆದ್ದೆ ಅಂತ ಕುಣಿಯುವವರು, ಐದು ನಿಮಿಷದಲ್ಲಿ ಸಾಲ ಅನ್ನುವವರು. ಅದೇ ಫೋನ್ ಸಂಜೆ ಮೊಮ್ಮಗನ ಕೈಗೆ ಹೋಗುತ್ತದೆ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ತಡೆಯಲು ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತ್ತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಅಂಶಗಳನ್ನು ಹೊಡೆದುಹಾಕಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹೊಸ ಕಾಯ್ದೆ ಮಾಡಿತು. ಕೌಶಲವೋ ಅದೃಷ್ಟವೋ ಅನ್ನುವ ಚರ್ಚೆಯನ್ನೇ ಬದಿಗಿಟ್ಟು, ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟವನ್ನು ಅದು ನಿಷೇಧಿಸುತ್ತದೆ. ನಡೆಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡಿದವರಿಗೆ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಆಡಿದವರಿಗೆ ಶಿಕ್ಷೆ ಇಲ್ಲ. ಅಂಥ ಜಾಹೀರಾತು ನಿಮ್ಮ ಸಾಲಿಟೇರ್ ನಡುವೆ ಬಂದರೆ ಅದು ಬರೀ ಕಿರಿಕಿರಿ ಅಲ್ಲ, ದೂರು ಕೊಡಬೇಕಾದ ವಿಷಯ.

ಇನ್ನೊಂದು ಮಾತು ದೂರಲ್ಲ, ನಂಬಿಕೆ. ಆಡಿದರೆ ತಲೆ ಚುರುಕಾಗುತ್ತದೆ, ಮರೆವು ಬರಲ್ಲ ಅಂತ ಕೆಲವು ಆ್ಯಪ್‌ಗಳು ಹೇಳಿಕೊಳ್ಳುತ್ತವೆ, ಆಡುವವರೂ ಅದನ್ನೇ ಹೇಳುತ್ತಾರೆ. ಹಾಗೆ ಮಿದುಳಿಗೆ ಒಳ್ಳೆಯದು ಅಂತ ಹೇಳಿ ಆಟ ಮಾರಿದ ಲುಮೋಸಿಟಿ ಅನ್ನುವ ಕಂಪನಿ ಸಾಕಷ್ಟು ಪುರಾವೆ ಇಲ್ಲದೆ ಆ ಮಾತು ಹೇಳಿದ್ದಕ್ಕೆ 2016ರಲ್ಲಿ ಅಮೆರಿಕದ ವ್ಯಾಪಾರ ಆಯೋಗದ ಮುಂದೆ 20 ಲಕ್ಷ ಡಾಲರ್ ಕಟ್ಟಲು ಒಪ್ಪಬೇಕಾಯಿತು. ಆಟ ಖುಷಿ ಕೊಟ್ಟರೆ ಅಷ್ಟೇ ಸಾಕು. ಅದನ್ನು ಔಷಧಿ ಅಂತ ಯಾರಾದರೂ ಮಾರಿದರೆ ನಂಬಬೇಡಿ.

ಸ್ಟಾರ್ ಹುಟ್ಟುವ ಜಾಗ

ಇಷ್ಟೆಲ್ಲ ದೂರು ಇದ್ದೂ ನಾಲ್ಕೂವರೆ ಸ್ಟಾರ್ ಎಲ್ಲಿಂದ ಬಂತು?

ಆ್ಯಪ್ ನಿಮ್ಮ ಅಭಿಪ್ರಾಯ ಯಾವಾಗ ಕೇಳುತ್ತದೆ ಅಂತ ಗಮನಿಸಿ. ಸೋತಾಗ ಕೇಳುವುದಿಲ್ಲ. ಮೂವತ್ತು ಸೆಕೆಂಡಿನ ಜಾಹೀರಾತು ಮುಗಿದಾಗಲೂ ಕೇಳುವುದಿಲ್ಲ. ನಾಲ್ಕು ರಾಜರೂ ಮನೆ ಸೇರಿ, ಎಲೆಗಳು ಕುಣಿದು, ಪಟಾಕಿ ಹಾರಿದ ಆ ಕ್ಷಣದಲ್ಲಿ ಕೇಳುತ್ತದೆ. ಕೆಲವು ಆ್ಯಪ್‌ಗಳು ಇನ್ನೂ ಜಾಣ. ಮೊದಲು 'ಆಟ ಇಷ್ಟವಾಯಿತಾ?' ಅನ್ನುತ್ತವೆ. ಹೌದು ಅಂದವರನ್ನು ಪ್ಲೇಸ್ಟೋರ್‌ಗೆ ಕಳಿಸುತ್ತವೆ. ಇಲ್ಲ ಅಂದವರನ್ನು ಬೇರೊಂದು ಪೆಟ್ಟಿಗೆಗೆ ಕಳಿಸುತ್ತವೆ. ಅಲ್ಲಿ ಬರೆದದ್ದು ಕಂಪನಿಯವರನ್ನು ಬಿಟ್ಟು ಯಾರಿಗೂ ಕಾಣುವುದಿಲ್ಲ. ಮದುವೆ ಊಟ ಹೇಗಿತ್ತು ಅಂತ ಕೇಳಿ, ಹೊಗಳುವವರಿಗೆ ಮಾತ್ರ ಮೈಕ್ ಕೊಟ್ಟ ಹಾಗೆ.

ಹೀಗೆ ಸ್ಟಾರ್ ಕೇಳುವ ಮುಂಚೆ 'ಇಷ್ಟವಾಯಿತಾ' ಅಂತ ಪ್ರಶ್ನೆ ಹಾಕಬೇಡಿ ಅಂತ ಗೂಗಲ್ ತನ್ನ ಮಾರ್ಗಸೂಚಿಯಲ್ಲೇ ಹೇಳಿದೆ. ದುಡ್ಡು, ಕಾಯಿನ್ ಆಸೆ ತೋರಿಸಿ ಸ್ಟಾರ್ ಪಡೆಯುವುದನ್ನೂ ಅದರ ನಿಯಮ ಒಪ್ಪುವುದಿಲ್ಲ. ಆಟದ ನಡುವೆ ದಿಢೀರ್ ಅಂತ ಇಡೀ ತೆರೆ ಮುಚ್ಚುವ ಜಾಹೀರಾತು, 15 ಸೆಕೆಂಡ್ ಕಳೆದರೂ ಮುಚ್ಚಲಾಗದ ಜಾಹೀರಾತು, ಇವಕ್ಕೂ 2022ರಿಂದ ಅಲ್ಲಿ ಕಡಿವಾಣವಿದೆ. ಆದರೆ ಆ ನಿಯಮದಲ್ಲೇ ಕಿಂಡಿಯೂ ಇದೆ. ಆಟ ಮುಗಿದು ಅಂಕ ತೋರಿಸಿದ ಮೇಲೆ ಬರುವ ಜಾಹೀರಾತಿಗೆ 15 ಸೆಕೆಂಡಿನ ಮಿತಿ ಇಲ್ಲ. ಒಂದಾಟ ಐದು ನಿಮಿಷಕ್ಕೆ ಮುಗಿಯುವ ಸಾಲಿಟೇರ್‌ಗೆ ಆ ಕಿಂಡಿಯೇ ಹೆಬ್ಬಾಗಿಲು.

ನಾವೂ ನಮ್ಮ ಪಾಲಿಗೆ ಸಲೀಸು ಮಾಡಿಕೊಟ್ಟಿದ್ದೇವೆ. ಪೆಟ್ಟಿಗೆ ಬಂತು, ಕಾಟ ತಪ್ಪಲಿ ಅಂತ ಐದನೇ ಸ್ಟಾರ್ ಒತ್ತಿ ಮುಂದೆ ಹೋದೆವು. ಹಾಗೆ ಒತ್ತಿದ ಸ್ಟಾರ್ ನೋಡಿಯೇ ಪಕ್ಕದ ಮನೆಯವರು ಆ ಆ್ಯಪ್ ಹಾಕಿಕೊಳ್ಳುತ್ತಾರೆ.

'ಪುಕ್ಕಟೆ ತಾನೇ, ಸುಮ್ಮನಿರಿ' ಅನ್ನುವವರಿಗೆ

ಪುಕ್ಕಟೆ ಅಲ್ಲ. ಡೇಟಾ ನಮ್ಮದು, ಸಮಯ ನಮ್ಮದು, ಬ್ಯಾಟರಿ ನಮ್ಮದು. ನಾವು ಏನು ನೋಡುತ್ತೇವೆ, ಎಲ್ಲಿ ಒತ್ತುತ್ತೇವೆ ಅನ್ನುವ ಮಾಹಿತಿಯೂ ನಮ್ಮದೇ. ಇಷ್ಟು ಕೊಟ್ಟವನು ಗಿರಾಕಿಯೇ, ದಾನ ಪಡೆದವನಲ್ಲ.

ಬೇಡದಿದ್ದರೆ ತೆಗೆದುಹಾಕಿ ಅನ್ನುವವರಿಗೂ ಉತ್ತರವಿದೆ. ಬಸ್ಸಿನಲ್ಲಿ ಜೇಬುಗಳ್ಳರಿದ್ದಾರೆ ಅಂದರೆ ನಡೆದುಕೊಂಡು ಹೋಗಿ ಅನ್ನುವುದು ಪರಿಹಾರವಲ್ಲ.

ಜಾಹೀರಾತಿಲ್ಲದೆ ಆ್ಯಪ್ ಮಾಡಿದವರು ಬದುಕುವುದು ಹೇಗೆ ಅನ್ನುವುದು ಮಾತ್ರ ನ್ಯಾಯವಾದ ಪ್ರಶ್ನೆ. ವೆಸ್ ಚೆರಿಯ ಹಾಗೆ ಬರಿಗೈಲಿ ದುಡಿಯಿರಿ ಅಂತ ನಾವು ಯಾರಿಗೂ ಹೇಳುವುದಿಲ್ಲ. ಜಾಹೀರಾತು ಇರಲಿ. ಪತ್ರಿಕೆಯಲ್ಲೂ ಇರುತ್ತದೆ, ಬಸ್ಸಿನ ಬೆನ್ನ ಮೇಲೂ ಇರುತ್ತದೆ. ಆದರೆ ಪತ್ರಿಕೆಯ ಜಾಹೀರಾತು ಪುಟ ತಿರುಗಿಸದಂತೆ ಕೈ ಹಿಡಿಯುವುದಿಲ್ಲ, ಸುಳ್ಳು ಬಾಗಿಲು ತೋರಿಸಿ ಅಂಗಡಿಯೊಳಗೆ ತಳ್ಳುವುದಿಲ್ಲ. ಜಾಹೀರಾತು ತೋರಿಸುವುದು ವ್ಯಾಪಾರ, ಮುಚ್ಚುವ ಗುಂಡಿಯಲ್ಲಿ ಮೋಸ ಇಡುವುದು ಮೋಸ.

ಇದು ನಮ್ಮದೊಂದೇ ಅಭಿಪ್ರಾಯವಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ ಇಂಥ 13 ಬಗೆಯ ಕುಟಿಲ ತಂತ್ರಗಳನ್ನು ಹೆಸರಿಸಿ ನಿಷೇಧಿಸಿದೆ. ಪದೇ ಪದೇ ಪೀಡಿಸುವುದು, ಬೇರೆ ವೇಷ ತೊಟ್ಟ ಜಾಹೀರಾತು, ಬಿಡಿಸಿಕೊಳ್ಳಲಾಗದ ಚಂದಾ ಬಲೆ, ಎಲ್ಲ ಆ ಪಟ್ಟಿಯಲ್ಲಿವೆ. ಗುಣಿಸು ಗುರುತು ಒತ್ತಿದರೆ ಮುಚ್ಚುವ ಬದಲು ಇನ್ನೊಂದು ಜಾಹೀರಾತು ತೆರೆಯುವುದನ್ನು ಅದರಲ್ಲಿ ಉದಾಹರಣೆಯಾಗಿಯೇ ಕೊಟ್ಟಿದ್ದಾರೆ. ನೀವು ದಿನಾ ಬೈದುಕೊಳ್ಳುವ ಆ ಗುಂಡಿ ಕಾನೂನಿನ ಪುಸ್ತಕ ಸೇರಿಯಾಗಿದೆ. ನಮ್ಮ ಜಿಲ್ಲಾ ಪುಟಗಳಲ್ಲಿ ಮಾತ್ರ ಅದು ಸುದ್ದಿಯಾಗುವುದಿಲ್ಲ. ಅರಳಿಕಟ್ಟೆ ಮೇಲೆ ಎಲೆ ಹಾಕಿ ಕೂತ ಐವರನ್ನು ಹಿಡಿದರೆ ಫೋಟೋ ಸಮೇತ ಬರುತ್ತದೆ. ಊರಿನ ಪ್ರತಿ ಫೋನಿನಲ್ಲೂ ನಡೆಯುವ ಮೋಸಕ್ಕೆ ಒಂದು ಕಾಲಂ ಜಾಗ ಸಿಗುವುದಿಲ್ಲ.

ಇವತ್ತೇ ಮಾಡಬಹುದಾದ ಕೆಲಸ

ಆಡುವ ಮುಂಚೆ ಮೊಬೈಲ್ ಡೇಟಾ ಆಫ್ ಮಾಡಿ. ಬಹಳಷ್ಟು ಸಾಲಿಟೇರ್ ಆ್ಯಪ್‌ಗಳು ಡೇಟಾ ಇಲ್ಲದೆಯೂ ನಡೆಯುತ್ತವೆ. ಡೇಟಾ ಇಲ್ಲದೆ ತೆರೆಯುವುದೇ ಇಲ್ಲ ಅನ್ನುವ ಆ್ಯಪ್ ತನ್ನ ಉದ್ದೇಶವನ್ನು ತಾನೇ ಹೇಳಿಕೊಂಡಂತೆ, ಅದನ್ನು ತೆಗೆದುಹಾಕಿ.

ಹೊಸ ಆ್ಯಪ್ ಹಾಕುವ ಮುಂಚೆ ಪ್ಲೇಸ್ಟೋರ್‌ನಲ್ಲಿ ಅದರ ಹೆಸರಿನ ಕೆಳಗೆ ನೋಡಿ. ಜಾಹೀರಾತು ಇದೆಯೋ, ಒಳಗೆ ದುಡ್ಡಿನ ವ್ಯವಹಾರ ಇದೆಯೋ ಅಂತ ಅಲ್ಲಿ ಬರೆದಿರುತ್ತದೆ. ಸ್ವಲ್ಪ ಕೆಳಗೆ 'ಡೇಟಾ ಸುರಕ್ಷತೆ' ಅನ್ನುವ ಭಾಗದಲ್ಲಿ ನಿಮ್ಮ ಯಾವ ಮಾಹಿತಿಯನ್ನು ಬೇರೆಯವರಿಗೆ ಕೊಡುತ್ತಾರೆ ಅನ್ನುವುದೂ ಇರುತ್ತದೆ.

ಮೋಸ ಕಂಡರೆ ತೆರೆಯ ಚಿತ್ರ ತೆಗೆದಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕನ್ನಡದಲ್ಲಿ ಮಾತಾಡಬಹುದು.

ಎಲ್ಲಕ್ಕಿಂತ ಮುಖ್ಯವಾಗಿ, ಬರೆಯಿರಿ. 2021ರ ನವೆಂಬರ್‌ನಿಂದ ಪ್ಲೇಸ್ಟೋರ್ ಫೋನಿನಲ್ಲಿ ಆಯಾ ದೇಶದವರು ಕೊಟ್ಟ ಸ್ಟಾರ್‌ಗಳ ಸರಾಸರಿಯನ್ನೇ ತೋರಿಸುತ್ತದೆ. ನಿಮಗೆ ಕಾಣುವ ಸ್ಟಾರ್ ಅಮೆರಿಕದವರದ್ದಲ್ಲ, ನಮ್ಮ ದೇಶದವರದ್ದೇ. ಹಾಗಾಗಿ ನಮ್ಮ ಒಂದು ಸಾಲಿಗೆ ತೂಕವಿದೆ. ಈಗಾಗಲೇ ಐದು ಕೊಟ್ಟಿದ್ದರೂ ಚಿಂತೆಯಿಲ್ಲ, ಕೊಟ್ಟ ಸ್ಟಾರ್ ಯಾವಾಗ ಬೇಕಾದರೂ ಬದಲಾಯಿಸಬಹುದು.

'ವೇಸ್ಟ್ ಆ್ಯಪ್' ಅಂತ ಎರಡು ಪದ ಬರೆದರೆ ಯಾರಿಗೂ ಉಪಯೋಗವಿಲ್ಲ. ಆದದ್ದನ್ನು ಆದ ಹಾಗೆ, ಕನ್ನಡದಲ್ಲೇ ಬರೆಯಿರಿ. ಹೀಗೆ: 'ಆಟ ಚೆನ್ನಾಗಿದೆ, ಎಲೆ ದೊಡ್ಡದಾಗಿ ಕಾಣುತ್ತೆ. ಪ್ರತಿ ಆಟ ಮುಗಿದ ಮೇಲೆ 30 ಸೆಕೆಂಡ್ ಜಾಹೀರಾತು. ಗುಣಿಸು ಗುರುತು ಒತ್ತಿದರೆ ಬೇರೆ ಆ್ಯಪ್ ತೆರೆಯುತ್ತೆ. ದುಡ್ಡಿನ ಆಟದ ಜಾಹೀರಾತೂ ಬರುತ್ತೆ. ಎರಡು ಸ್ಟಾರ್. ಸರಿಮಾಡಿದ ದಿನ ಉಳಿದ ಮೂರು ಕೊಡ್ತೀನಿ.'

ಬರೆಯಲು ಬಾರದ ಹಿರಿಯರಿದ್ದರೆ ಫೋನಿನ ಕೀಬೋರ್ಡ್‌ನಲ್ಲಿರುವ ಮೈಕ್ ಗುರುತು ಒತ್ತಿ ಕನ್ನಡದಲ್ಲೇ ಹೇಳಿಸಿ, ಅದು ಅಕ್ಷರವಾಗುತ್ತದೆ. ಕಾಲೇಜಿಗೆ ಹೋಗುವ ಮಕ್ಕಳು ಮನೆಯ ಅಜ್ಜಿಗೆ ಇಷ್ಟು ಮಾಡಿಕೊಡಿ. ಅಜ್ಜಿಯ ಅಭಿಪ್ರಾಯ ಏನು ಅಂತ ಅಜ್ಜಿಯನ್ನೇ ಕೇಳಿ ಬರೆಯಿರಿ, ನಿಮ್ಮದನ್ನು ಸೇರಿಸಬೇಡಿ.